ಟಿಕೆಟ್ಟಿನ ದುಡ್ಡು, ಆಶ್ರಮದ ಅನ್ನ

ಹರಿಹರದ ಹೊಳೆ ಒಂದು ಕಾಲಕ್ಕೆ ಎರಡು ಸರ್ಕಾರಗಳ ಗಡಿಯಾಗಿತ್ತು. ಈ ದಂಡೆ ಮೈಸೂರು ಮಹಾರಾಜರದು, ಆ ದಂಡೆ ಮುಂಬಯಿ ಪ್ರಾಂತದ್ದು. ದಾವಣಗೆರೆ, ಹರಿಹರ ಎರಡೂ ಸಂಸ್ಥಾನದ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದವು. ಎದುರಿಗೆ ಕಾಣುವ ರಾಣೆಬೆನ್ನೂರು ಸೀಮೆ ಧಾರವಾಡ ಜಿಲ್ಲೆಗೆ. 1868ರಲ್ಲಿ ತುಂಗಭದ್ರೆಗೆ ಕಮಾನಿನ ಸೇತುವೆ ಕಟ್ಟಿದರು. ಮುಂದಿನ ಸುಮಾರು ಇಪ್ಪತ್ತು ವರ್ಷಗಳಲ್ಲಿ ಹುಬ್ಬಳ್ಳಿ ಕಡೆಯ ರೈಲು, ಬೆಂಗಳೂರು ಕಡೆಯ ರೈಲು ಹರಿಹರದಲ್ಲಿ ಬಂದು ಕೂಡಿದವು. ಅಂದಿನಿಂದ ಹತ್ತಿ, ಕಂಬಳಿ, ಮೆಣಸಿನಕಾಯಿ, ಕಾಗದ ಪತ್ರ, ನಾಟಕ ಕಂಪನಿಯ ಪರದೆ, ಎಲ್ಲವೂ ಈ ಊರನ್ನು ಹಾಯ್ದೇ ಹೋಗಬೇಕಾಯಿತು.

ಸಂಗೀತದವರ ಲೆಕ್ಕದಲ್ಲೂ ಈ ಹೊಳೆ ಒಂದು ಗೆರೆ. ಆಚೆ ಹಿಂದೂಸ್ತಾನಿ, ಈಚೆ ಕರ್ನಾಟಕಿ ಎಂದು ನಮ್ಮ ಕಡೆಯ ಹಿರಿಯರು ಸುಲಭವಾಗಿ ಹೇಳಿಬಿಡುತ್ತಾರೆ. ಅದು ಪೂರ್ತಿ ನಿಜವಲ್ಲ, ಆದರೆ ಸುಳ್ಳೂ ಅಲ್ಲ. ಧಾರವಾಡದ ಹುಡುಗ ಸಂಗೀತ ಕಲಿಯಬೇಕೆಂದರೆ ಮಿರಜಿನ ಕಡೆ ಮುಖ ಮಾಡುತ್ತಿದ್ದ, ಚಿತ್ರದುರ್ಗದ ಹುಡುಗ ಮೈಸೂರಿನ ಕಡೆ. ಎರಡೂ ದಿಕ್ಕಿಗೆ ಹೋಗಿ ಎರಡನ್ನೂ ಕಲಿತು ಬಂದವರು ಬೆರಳೆಣಿಕೆಯಷ್ಟು. ಅವರಲ್ಲಿ ಒಬ್ಬರಿಗೆ ಹುಟ್ಟಿನಿಂದಲೇ ಕಣ್ಣಿರಲಿಲ್ಲ. ಅವರು ಪಂಚಾಕ್ಷರಿ ಗವಾಯಿಗಳು.

ಅವರ ಕಥೆ ಹೇಳುವಾಗಲೆಲ್ಲ ನನಗೆ ಭೂಮಿಯ ಇನ್ನೊಂದು ಮಗ್ಗುಲಿನ ಕೆಲವರು ನೆನಪಾಗುತ್ತಾರೆ. ಅಮೆರಿಕದ ಟೆಕ್ಸಾಸ್‌ನಲ್ಲಿ, ಹತ್ತಿ ಬೆಳೆಯುವ ನೆಲದಲ್ಲಿ, ಗವಾಯಿಗಳ ವಾರಗೆಯ ಇಬ್ಬರು ಕುರುಡ ಹಾಡುಗಾರರು ಬೆಳೆಯುತ್ತಿದ್ದರು. ಬ್ಲೈಂಡ್ ಲೆಮನ್ ಜೆಫರ್ಸನ್ ಹುಟ್ಟಿದ್ದು 1893ರ ಸುಮಾರಿಗೆ, ಬ್ಲೈಂಡ್ ವಿಲ್ಲಿ ಜಾನ್ಸನ್ 1897ರಲ್ಲಿ. ಗವಾಯಿಗಳು ಹುಟ್ಟಿದ್ದು 1892ರಲ್ಲಿ. ಜೆಫರ್ಸನ್ ಹಾಡಿದ್ದು ಬ್ಲೂಸ್. ಹತ್ತಿ ಹೊಲಗಳಲ್ಲಿ ದುಡಿದ ಕರಿಯ ಜನರ ಹಾಡು ಅದು. ಒಂದು ಸಾಲನ್ನು ಎರಡು ಸಲ ಹಾಡಿ, ಮೂರನೆಯ ಸಾಲಿನಲ್ಲಿ ಅದಕ್ಕೊಂದು ಜವಾಬು ಕೊಡುವುದು ಅದರ ಸಾಮಾನ್ಯ ಕಟ್ಟು. ಜಾನ್ಸನ್ ಅದೇ ದನಿಯಲ್ಲಿ ದೇವರ ಹಾಡು ಹಾಡಿದ. ಗಿಟಾರಿನ ತಂತಿಯ ಮೇಲೆ ಬಾಟಲಿಯ ಕತ್ತನ್ನೋ ಚಾಕುವನ್ನೋ ಜಾರಿಸಿ ಸ್ವರ ಎಳೆಯುವುದು ಆ ಕಾಲದ ಅಂಥ ಹಾಡುಗಾರರ ರೂಢಿ. ಹಿಂದೂಸ್ತಾನಿಯ ಮೀಂಡ್ ಕೇಳಿ ಬೆಳೆದ ನಮ್ಮ ಕಿವಿಗೆ ಆ ಎಳೆತ ಮೊದಲ ಸಲಕ್ಕೇ ಹತ್ತಿರವಾಗುತ್ತದೆ.

ಹತ್ತಿಯ ನೆಂಟಸ್ತನ ಇನ್ನೂ ಹಳೆಯದು. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ತೋಟಗಾರರನ್ನು ಕರೆಸಿ, ನ್ಯೂ ಓರ್ಲಿಯನ್ಸ್ ತಳಿಯ ಬೀಜವನ್ನು ಧಾರವಾಡ ಸೀಮೆಯ ಎರೆಮಣ್ಣಿಗೆ ಬಿತ್ತಿಸಿತು. ಮುಂದೆ ಅದಕ್ಕೆ ಧಾರವಾಡ–ಅಮೆರಿಕನ್ ಎಂದೇ ಹೆಸರಾಯಿತು. 1861ರಲ್ಲಿ ಅಮೆರಿಕದಲ್ಲಿ ಒಳಯುದ್ಧ ಶುರುವಾಗಿ ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಾಗ ಈ ಕಡೆಯ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂತು. ಹೈದರ್ ಅಲಿಯ ಕಾಲದಲ್ಲಿ ಅಪೋಜಿರಾಮ ಎಂಬ ಮರಾಠ ಸರದಾರನಿಗೆ ಜಹಗೀರಾಗಿ ಸಿಕ್ಕು, ಅವನು ವ್ಯಾಪಾರಿಗಳನ್ನು ಕರೆತಂದು ಬೆಳೆಸಿದ ದಾವಣಗೆರೆ ಪೇಟೆ, ಕಂಬಳಿಯ ಪೇಟೆಯಿಂದ ಹತ್ತಿಯ ಪೇಟೆಯಾಗುತ್ತ ಹೋಯಿತು. 1930ರ ದಶಕದ ಕೊನೆಯಿಂದ ಗಿರಣಿಗಳು ಎದ್ದವು, ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ಬಂತು. ಗಿರಣಿಯ ಸಂಬಳ, ಮಂಡಿಯ ವಹಿವಾಟು, ಜಾತ್ರೆಯ ಜನ, ಈ ಮೂರೂ ಸೇರಿದ ಊರಿಗೆ ಹಾಡುವವರು ಬಾರದೆ ಇರುತ್ತಾರೆಯೇ?

ಕಾಡಶೆಟ್ಟಿಹಳ್ಳಿ ಹಾನಗಲ್ ತಾಲ್ಲೂಕಿನ ಚಿಕ್ಕ ಊರು. 1892ರ ಫೆಬ್ರುವರಿ 2ರಂದು ಅಲ್ಲಿ ಗುರುಪಾದಯ್ಯ, ನೀಲಮ್ಮ ದಂಪತಿಗೆ ಹುಟ್ಟಿದ ಗಂಡುಮಗುವಿಗೆ ಗದಿಗೆಯ್ಯ ಎಂದು ಹೆಸರಿಟ್ಟರು. ಮಗುವಿಗೆ ಕಣ್ಣಿರಲಿಲ್ಲ. ಒಡಹುಟ್ಟಿದವನಿಗೂ ಇರಲಿಲ್ಲ. ಬಡ ಜಂಗಮರ ಮನೆಯಲ್ಲಿ ಇಬ್ಬರು ಕಣ್ಣಿಲ್ಲದ ಮಕ್ಕಳು ಎಂದರೆ ಆ ಕಾಲದಲ್ಲಿ ಭಿಕ್ಷೆಯ ಜೋಳಿಗೆಯ ಹೊರತು ಬೇರೆ ದಾರಿ ಯಾರಿಗೂ ಕಾಣುತ್ತಿರಲಿಲ್ಲ. ಆದರೆ ಇಬ್ಬರಿಗೂ ದನಿ ಇತ್ತು. ಆ ದನಿಯನ್ನು ಕೇಳಿ ನಿಂತವರು ಹಾನಗಲ್ಲಿನ ಕುಮಾರ ಸ್ವಾಮಿಗಳು. 1909ರಲ್ಲಿ ಬಾದಾಮಿಯ ಹತ್ತಿರ ಮಲಪ್ರಭೆಯ ದಂಡೆಗೆ ಶಿವಯೋಗಮಂದಿರ ಕಟ್ಟಿದವರು ಅವರೇ. ಇಬ್ಬರು ಹುಡುಗರನ್ನೂ ತಮ್ಮ ನೆರಳಿಗೆ ಕರೆದುಕೊಂಡರು.

ಮುಂದೆ ಸ್ವಾಮಿಗಳು ಮಾಡಿದ ಏರ್ಪಾಡನ್ನು ನಾನು ಎಷ್ಟು ಹೊಗಳಿದರೂ ಕಡಿಮೆಯೇ. ಕುರುಡ ಹುಡುಗನಿಗೆ ನಾಲ್ಕು ಭಜನೆ ಕಲಿಸಿ ಮಠದ ಮೂಲೆಯಲ್ಲಿ ಕೂರಿಸಬಹುದಿತ್ತು. ಅವರು ಅವನನ್ನು ಹೊಳೆಯಾಚೆ ಮೈಸೂರಿಗೆ ಕಳಿಸಿದರು. ಅಲ್ಲಿ ವೆಂಕಟಸುಬ್ಬಯ್ಯ ಎಂಬ ವಿದ್ವಾಂಸರ ಹತ್ತಿರ ನಾಲ್ಕು ವರ್ಷ ಕರ್ನಾಟಕಿ ಪಾಠವಾಯಿತು. ಹಾನಗಲ್ ಸೀಮೆಯಿಂದ ಮೈಸೂರಿಗೆ ರೈಲಿನಲ್ಲಿ ಹೋಗುವವರಿಗೆ ಹರಿಹರವೇ ಹೆಬ್ಬಾಗಿಲು. ಸಂಸ್ಥಾನದ ನೆಲವೂ ದಕ್ಷಿಣಾದಿಯ ಸಂಗೀತವೂ ಅಲ್ಲಿಂದಲೇ ಮೊದಲು. ಮೈಸೂರಿನ ಪಾಠ ಮುಗಿದ ಮೇಲೆ ಹಿಂದೂಸ್ತಾನಿ. ಮಿರಜಿನ ನೀಲಕಂಠ ಬುವಾ, ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ವಹೀದ್ ಖಾನ್ ಇವರ ಬಳಿ ಕಲಿಕೆಯಾಯಿತು. ವೀರಶೈವ ಮಠವೊಂದು ತನ್ನ ಹುಡುಗನಿಗೆ ಪಾಠ ಹೇಳಲು ಮುಸಲ್ಮಾನ ಉಸ್ತಾದರನ್ನು ಆದರದಿಂದ ಬರಮಾಡಿಕೊಂಡ ಆ ಕಾಲವನ್ನು ಮರೆಯಬಾರದು. ಗದಿಗೆಯ್ಯ ಹೀಗೆ ಪಂಚಾಕ್ಷರಿ ಗವಾಯಿಯಾದ; ಎರಡೂ ಪದ್ಧತಿ ಬಲ್ಲ ಅವರಿಗೆ ಉಭಯಗಾನ ವಿಶಾರದ ಎಂಬ ಬಿರುದು ನಿಂತಿತು.

ಗವಾಯಿಗಳು ಬೇಕಿದ್ದರೆ ದರಬಾರಿನ ಗಾಯಕರಾಗಬಹುದಿತ್ತು, ಊರೂರಿನ ಕಛೇರಿಗಳಲ್ಲಿ ಹೆಸರು ಮಾಡಬಹುದಿತ್ತು. ಅವರು 1914ರಲ್ಲಿ ಹೊರಡಿಸಿದ್ದು ಸಂಚಾರಿ ಸಂಗೀತ ಪಾಠಶಾಲೆಯನ್ನು. ಕಣ್ಣಿಲ್ಲದ ಮಕ್ಕಳು, ತಂದೆತಾಯಿ ಇಲ್ಲದ ಮಕ್ಕಳು, ಮನೆಯಲ್ಲಿ ಹೊಟ್ಟೆಗಿಲ್ಲದೆ ಬಂದ ಮಕ್ಕಳು, ಇವರನ್ನೆಲ್ಲ ಕಟ್ಟಿಕೊಂಡು ಊರಿಂದ ಊರಿಗೆ ಹೋಗುವ ಶಾಲೆ. ಒಂದು ಊರಿನಲ್ಲಿ ಮಠವೋ ಗುಡಿಯೋ ಇಳಿದುಕೊಳ್ಳಲು ಜಾಗ ಕೊಟ್ಟಿತು, ಊರವರು ಕಾಳುಕಡಿ ಕೊಟ್ಟರು ಎಂದರೆ ಅಲ್ಲಿಯೇ ಶಾಲೆ. ಕೊಡುವವರ ಕೈ ಸೋತಾಗ ಮುಂದಿನ ಊರು. ಊಟಕ್ಕಾಗಲಿ ಪಾಠಕ್ಕಾಗಲಿ ಕಾಸಿಲ್ಲ; ಯಾವ ಜಾತಿ ಎಂದು ಕೇಳುವ ಪದ್ಧತಿಯೂ ಇಲ್ಲ.

ಕಣ್ಣಿಲ್ಲದ ಮಗುವಿಗೆ ಸಂಗೀತ ಹೇಳಿಕೊಡುವುದು ಹೇಗೆ ಎಂದು ನೋಡಿದವರಿಗೇ ಗೊತ್ತು. ಪೇಟಿಯ ಮುಂದೆ ಮಗುವನ್ನು ಕೂರಿಸಿ ಮೊದಲು ಕರಿಮನೆಗಳನ್ನು ಮುಟ್ಟಿಸುತ್ತಾರೆ. ಎರಡು ಕರಿಮನೆ ಒಟ್ಟಿಗೆ, ಸ್ವಲ್ಪ ತೆರಪು, ಮತ್ತೆ ಮೂರು ಒಟ್ಟಿಗೆ. ಆ ಎರಡು ಮೂರರ ಲೆಕ್ಕ ಬೆರಳಿಗೆ ಕೂತಿತೆಂದರೆ ಪೇಟಿಯ ಅಷ್ಟೂ ಮನೆಗಳು ಕತ್ತಲಲ್ಲೂ ಸಿಗುತ್ತವೆ. ತಬಲಾಕ್ಕೆ ಗುರು ಮಗುವಿನ ಅಂಗೈಯ ಮೇಲೆ ತನ್ನ ಅಂಗೈ ಇಟ್ಟು ಬೋಲು ನುಡಿಸುತ್ತಾನೆ. ಶಾಯಿಯ ನುಣುಪು ಎಲ್ಲಿ, ಕಿನಾರೆಯ ಬಿಗುವು ಎಲ್ಲಿ ಎಂಬುದು ಚರ್ಮದಿಂದ ಚರ್ಮಕ್ಕೆ ದಾಟುತ್ತದೆ. ಬಂದಿಶು, ವಚನ, ಪುರಾಣದ ಪದ್ಯ ಎಲ್ಲವೂ ಬಾಯಿಪಾಠ. ಗುರುವಿಗೂ ಕಣ್ಣಿಲ್ಲ, ಶಿಷ್ಯನಿಗೂ ಇಲ್ಲ ಎಂದಾಗ ಮಗುವಿಗೆ ಒಂದು ಧೈರ್ಯ ಬರುತ್ತದೆ. ಎದುರಿಗೆ ಕೂತವರು ಇದೇ ಕಷ್ಟ ದಾಟಿ ಬಂದವರು ಎಂಬ ಧೈರ್ಯ ಅದು. ಕಣ್ಣಿದ್ದ ಗುರು ಎಷ್ಟೇ ಒಳ್ಳೆಯವನಾದರೂ ಅದನ್ನು ಕೊಡಲಾರ.

ಆದರೆ ಹತ್ತಾರು ಮಕ್ಕಳ ಹೊಟ್ಟೆ ದಾನದಿಂದಲೇ ತುಂಬುವುದಿಲ್ಲ. 1930ರಲ್ಲಿ ಕುಮಾರ ಸ್ವಾಮಿಗಳು ಲಿಂಗೈಕ್ಯರಾದರು, ಬೆನ್ನಿಗಿದ್ದ ದೊಡ್ಡ ಆಸರೆ ಹೋಯಿತು. ಗವಾಯಿಗಳು ಹಿಡಿದ ದಾರಿ ನಾಟಕ ಕಂಪನಿ. ಗುರುವಿನ ಹೆಸರಿನಲ್ಲೇ ಕುಮಾರೇಶ್ವರ ಕೃಪಾಪೋಷಿತ ನಾಟ್ಯ ಸಂಘ ಎಂದು ಕಟ್ಟಿ, ಶರಣರ ಕಥೆಗಳನ್ನು ರಂಗಕ್ಕೆ ತಂದರು. ಕಲಿತ ಮಕ್ಕಳೇ ನಟರು, ಅವರೇ ಹಿಮ್ಮೇಳ. ಟಿಕೆಟ್ಟಿನಿಂದ ಬಂದ ದುಡ್ಡು ಶಾಲೆಯ ಒಲೆಗೆ.

ನಾಟಕ ಕಂಪನಿಯ ಬದುಕು ಎಂಥದೆಂದು ದಾವಣಗೆರೆಯವರಿಗೆ ಹೇಳಿಕೊಡಬೇಕಿಲ್ಲ. ತಗಡಿನ ಥಿಯೇಟರು ಎತ್ತಬೇಕು, ನೆಲ, ಬೆಂಚು, ಕುರ್ಚಿ ಎಂದು ದರ ಕಟ್ಟಬೇಕು, ಹಗಲು ಬಂಡಿಯಲ್ಲಿ ಕರಪತ್ರ ಹಂಚಬೇಕು. ಮಳೆ ಬಂದರೆ ಅಂದಿನ ಕಲೆಕ್ಷನ್ ಹೋಯಿತು. ಊರಲ್ಲಿ ಸಾವು ನೋವಾದರೆ ಆಟ ಬಂದ್. ಎರಡು ವಾರ ಮೈದಾನ ಖಾಲಿ ಹೊಡೆದರೆ ಕಂಪನಿ ಮಾಲೀಕ ಊರಿನ ಸಾಹುಕಾರನ ಗದ್ದಿಗೆಯ ಮುಂದೆ ನಿಲ್ಲಬೇಕು. ಅದೇ ನಾಟಕ ಹಿಡಿಸಿದರೆ ಕ್ಯಾಂಪು ತಿಂಗಳುಗಟ್ಟಲೆ ಎದ್ದೇಳುವುದಿಲ್ಲ. ಕಾಲುಪೇಟಿಯ ಮಾಸ್ತರ ಪರದೆಯ ಪಕ್ಕದಲ್ಲಿ ಕೂತು ಮೊದಲ ಸ್ವರ ಕೊಟ್ಟರೆ ಒಳಗಿನಿಂದ ನಾಂದಿ ಏಳಬೇಕು. ಮೈಕು ಇನ್ನೂ ಬಾರದ ಕಾಲದಲ್ಲಿ ಹಿಂದಿನ ಸಾಲಿನ ಕೂಲಿಯವನಿಗೂ ಆ ಹಾಡು ಮುಟ್ಟಬೇಕು. ಜನ ವನ್ಸ್‌ಮೋರ್ ಕೂಗಿದರೆ ಸತ್ತುಬಿದ್ದ ಪಾತ್ರವೂ ಎದ್ದು ಇನ್ನೊಮ್ಮೆ ಹಾಡಬೇಕು. ಕನ್ನಡದ ದೊಡ್ಡ ಕಂಠಗಳಲ್ಲಿ ಎಷ್ಟೋ ಈ ಗರಡಿಯಲ್ಲಿ ಪಳಗಿದವು.

ಅಮೆರಿಕದ ಬ್ಲೂಸ್‌ಗೂ ಇಂಥದೊಂದು ಟೆಂಟಿನ ಕಾಲ ಇತ್ತು. ಮಾ ರೇನಿಯಂಥ ಗಾಯಕಿಯರು ಹತ್ತಿ ಕೊಯ್ಲಿನ ಹಂಗಾಮಿನಲ್ಲಿ ಡೇರೆಯ ಕಂಪನಿಗಳ ಜೊತೆ ದಕ್ಷಿಣದ ಊರೂರು ಅಲೆದವರು. ಕೂಲಿ ಕೈಗೆ ಬಂದಾಗ ಆಟಕ್ಕೆ ಜನ ಬರುತ್ತಾರೆ ಎಂಬ ಲೆಕ್ಕ ಮಿಸಿಸಿಪ್ಪಿಗೂ ದಾವಣಗೆರೆಗೂ ಒಂದೇ. ಆದರೆ ಬೀದಿಯಲ್ಲಿ ಒಬ್ಬನೇ ನಿಂತು ಹಾಡಿದ ಕುರುಡ ಗಾಯಕರ ಬಾಳು ಬೇರೆ. ಬ್ಲೈಂಡ್ ಲೆಮನ್ ಡಲ್ಲಾಸಿನ ಬೀದಿಯಲ್ಲಿ ಗಿಟಾರು ಹಿಡಿದು ಹಾಡುತ್ತಿದ್ದ. 1926ರಿಂದ 1929ರವರೆಗೆ ಪ್ಯಾರಮೌಂಟ್ ಕಂಪನಿ ಅವನ ಸುಮಾರು ನೂರು ಹಾಡು ಮುದ್ರಿಸಿಕೊಂಡಿತು, ತಟ್ಟೆಗಳು ದೇಶದ ತುಂಬ ಮಾರಾಟವಾದವು. 1929ರ ಡಿಸೆಂಬರಿನ ಚಳಿಯಲ್ಲಿ ಷಿಕಾಗೋದಲ್ಲಿ ಅವನು ಸತ್ತ. ಊರಿನ ಮಣ್ಣಿಗೆ ತಂದು ಹೂಳಿದ ಮೇಲೆ ದಶಕಗಟ್ಟಲೆ ಗೋರಿಗೆ ಗುರುತಿನ ಕಲ್ಲೂ ಇರಲಿಲ್ಲ. ವಿಲ್ಲಿ ಜಾನ್ಸನ್ 1927ರಿಂದ 1930ರೊಳಗೆ ಮೂವತ್ತು ಹಾಡು ಕೊಟ್ಟು, 1945ರಲ್ಲಿ ಬ್ಯೂಮಾಂಟ್ ಊರಲ್ಲಿ ಬಡತನದಲ್ಲೇ ತೀರಿಕೊಂಡ. ಅವರ ದನಿ ಉಳಿಯಿತು, ಅವರನ್ನು ಉಳಿಸಿಕೊಳ್ಳುವ ಒಂದು ಮನೆ ಅವರಿಗೆ ಸಿಗಲಿಲ್ಲ. ಗವಾಯಿಗಳ ದೊಡ್ಡತನ ನನಗೆ ಕಾಣುವುದು ಇಲ್ಲಿ. ಅವರು ಹಾಡಿನಿಂದ ಬಂದದ್ದನ್ನೆಲ್ಲ ಆ ಮನೆ ಕಟ್ಟಲು ಸುರಿದರು.

ಆ ಶಾಲೆಯ ಫಲ ಎಂಥದೆಂಬುದಕ್ಕೆ 1936ರ ಒಂದು ದಿನವನ್ನು ಹೇಳಬೇಕು. ಕುಂದಗೋಳ ತಾಲ್ಲೂಕಿನ ಯಲಿವಾಳದ ಬಸವರಾಜ ಎಂಬ ಹುಡುಗ ವಾಮನರಾವ್ ಮಾಸ್ತರರ ನಾಟಕ ಕಂಪನಿಯಲ್ಲಿ ಹಾಡಿಕೊಂಡಿದ್ದ. ಅವನ ಕಂಠ ಗವಾಯಿಗಳ ಕಿವಿಗೆ ಬಿದ್ದಾಗ ಅವನಿಗೆ ಹದಿಮೂರರ ಹತ್ತಿರ. ಕರೆದುಕೊಂಡು ಬಂದು ಶಾಲೆಗೆ ಸೇರಿಸಿಕೊಂಡರು. ಮುಂದೆ ಹಂಪಿಯಲ್ಲಿ ವಿಜಯನಗರ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವ ನಡೆಯಿತು. ಸಾವಿರಾರು ಜನ ಸೇರಿದ ಆ ಸಭೆಯಲ್ಲಿ ಹುಡುಗನ ಮೊದಲ ಕಛೇರಿ. ತಬಲಾಕ್ಕೆ ಕೂತವರು ಯಾರು? ಸ್ವತಃ ಗವಾಯಿಗಳು. ಎರಡೂ ಸಂಗೀತದಲ್ಲಿ ಪಾರಂಗತರಾದ ಗುರು, ಹದಿಹರೆಯದ ಶಿಷ್ಯನ ಪಕ್ಕದಲ್ಲಿ ಕೂತು ಅವನಿಗೆ ಠೇಕಾ ಹಿಡಿದರು. ಹುಡುಗ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೆ, ಎಲ್ಲಿ ಹೆದರುತ್ತಾನೆ, ಯಾವ ಮಾತ್ರೆಗೆ ಸಮಕ್ಕೆ ಬರಲು ಅವಸರ ಮಾಡುತ್ತಾನೆ, ಎಲ್ಲವೂ ಅವರಿಗೆ ಗೊತ್ತು. ಅವನು ಬಸವರಾಜ ರಾಜಗುರು ಆದ. 1991ರಲ್ಲಿ ತೀರಿಕೊಂಡ ವರ್ಷವೇ ಪದ್ಮಭೂಷಣ ಬಂದ, ಹಿಂದೂಸ್ತಾನಿಯಲ್ಲಿ ಕನ್ನಡ ನಾಡಿನ ಮೊದಲ ಸಾಲಿನ ಗಾಯಕ.

ಗದಗಿನಲ್ಲಿ ಬಸರಿಗಿಡದ ವೀರಪ್ಪನವರು ಜಾಗ ಕೊಟ್ಟ ಮೇಲೆ ತಿರುಗುವ ಶಾಲೆಗೆ ಒಂದು ನೆಲೆ ಸಿಕ್ಕಿತು. ವೀರೇಶ್ವರ ಪುಣ್ಯಾಶ್ರಮ ಎಂದು ನಾವು ಇಂದು ಕರೆಯುವುದು ಅದನ್ನೇ. 1944ರ ಜೂನ್ 11ರಂದು ಗವಾಯಿಗಳು ಹೋದರು. ಆಶ್ರಮದ ಮಕ್ಕಳಿಗೆ ಅಂದಿನಿಂದ ತಂದೆಯಾದವರು ಪುಟ್ಟರಾಜರು.

ಪುಟ್ಟರಾಜ ಗವಾಯಿಗಳದೂ ಹಾನಗಲ್ ಸೀಮೆಯೇ. 1914ರ ಮಾರ್ಚ್ 3ರಂದು ದೇವಗಿರಿಯಲ್ಲಿ ಹುಟ್ಟಿ, ಕೂಸಿದ್ದಾಗಲೇ ಕಣ್ಣು ಕಳೆದುಕೊಂಡರು. ಸೋದರಮಾವ ಕರೆತಂದು ಗವಾಯಿಗಳ ಮಡಿಲಿಗೆ ಹಾಕಿದರು. ಪೇಟಿ, ತಬಲಾ, ಸಾರಂಗಿ, ಪಿಟೀಲು, ವೀಣೆ, ಕೈಗೆ ಸಿಕ್ಕ ವಾದ್ಯವೆಲ್ಲ ಅವರಿಗೆ ಮಾತಾಡುತ್ತಿತ್ತು. ಗುರುವಿನ ಕಂಪನಿಯಲ್ಲಿ ಹೆಣ್ಣುವೇಷ ಹಾಕಿದರು, ನಾಟಕ ಬರೆದರು, ಆಡಿಸಿದರು. ಬ್ರೈಲ್ ಕಲಿತು ಕನ್ನಡ, ಹಿಂದಿ, ಸಂಸ್ಕೃತ ಮೂರರಲ್ಲೂ ಪುಸ್ತಕ ಬರೆದರು. ಬಸವಪುರಾಣವನ್ನು ಹಿಂದಿಗೆ ತಂದರು. ಆಶ್ರಮದ ಖರ್ಚಿಗೆ ನಾಟಕ ಕಂಪನಿ ದುಡಿಯುತ್ತಲೇ ಇತ್ತು. ಮುಂದೆ ಭಕ್ತರು ತಕ್ಕಡಿಯ ಒಂದು ಕಡೆ ಅವರನ್ನು ಕೂರಿಸಿ ಇನ್ನೊಂದು ಕಡೆ ನಾಣ್ಯ ತೂಗುವ ತುಲಾಭಾರಗಳು ಊರೂರಲ್ಲಿ ನಡೆದವು. ತೂಗಿದ್ದೆಲ್ಲ ಮಕ್ಕಳ ಪಾಲು. 2010ರಲ್ಲಿ ಪದ್ಮಭೂಷಣ ಬಂತು, ಅದೇ ಸೆಪ್ಟೆಂಬರ್ 17ರಂದು ತೊಂಬತ್ತಾರರ ಅಜ್ಜ ಲಿಂಗೈಕ್ಯರಾದರು. ಗದಗಿಗೆ ಅಂದು ಬಂದ ಜನರಲ್ಲಿ ಹೊಳೆಯ ಎರಡೂ ದಂಡೆಯವರಿದ್ದರು.

ದಾವಣಗೆರೆಗೂ ಈ ಪರಂಪರೆಗೂ ಎರಡು ಕೊಂಡಿಗಳಿವೆ, ಎರಡನ್ನೂ ಇಲ್ಲಿಯವರು ಹೆಮ್ಮೆಯಿಂದ ಹೇಳಿಕೊಳ್ಳಬೇಕು.

ಒಂದು ಚಿಂದೋಡಿ ಮನೆತನ. ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ಡ್ರಾಮಾ ಕಂಪನಿ, ಅಂದರೆ ಗುರು ಕರಿಬಸವ ರಾಜೇಂದ್ರ ನಾಟಕ ಮಂಡಳಿ, ದಾವಣಗೆರೆಯ ಹೆಸರನ್ನು ಬೆಳಗಾವಿ, ಹುಬ್ಬಳ್ಳಿಯ ಮೈದಾನಗಳವರೆಗೂ ಒಯ್ದಿತು. ಮಗಳು ಚಿಂದೋಡಿ ಲೀಲಾ ಚಿಕ್ಕಂದಿನಲ್ಲೇ ಬಣ್ಣ ಹಚ್ಚಿದವರು. ಅವರು ಹಾಡುತ್ತ ಅಭಿನಯಿಸುತ್ತ ಕಂಪನಿಯನ್ನು ಹೆಗಲ ಮೇಲೆ ಹೊತ್ತು ನಡೆಸಿದರು, 1988ರಲ್ಲಿ ಪದ್ಮಶ್ರೀ ಪಡೆದರು. ಪುಟ್ಟರಾಜರು ಹೋದ ಆ 2010ರ ಜನವರಿಯಲ್ಲೇ ಲೀಲಮ್ಮನೂ ಹೋದರು. ಇದೇ ಮನೆತನದ ಚಿಂದೋಡಿ ಬಂಗಾರೇಶ್ 1995ರಲ್ಲಿ ಪಂಚಾಕ್ಷರಿ ಗವಾಯಿಗಳ ಬಾಳನ್ನು ಚಲನಚಿತ್ರ ಮಾಡಿದರು. ಸಂಗೀತ ಹಂಸಲೇಖ, ಹಾಡಿದವರು ಎಸ್. ಪಿ. ಬಾಲಸುಬ್ರಹ್ಮಣ್ಯಂ. ಇಬ್ಬರಿಗೂ ಆ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಸಿಕ್ಕಿತು. ಕಂಪನಿ ನಾಟಕದ ಕಷ್ಟ ಸುಖ ಮೈಯಲ್ಲೇ ಇದ್ದ ಮನೆಯವರ ಕೈಯಿಂದಲೇ ಆ ಚಿತ್ರ ಬಂದದ್ದು ನನಗೆ ತೀರಾ ಸಹಜವೆನಿಸುತ್ತದೆ.

ಇನ್ನೊಂದು, ಪಿ.ಬಿ. ರಸ್ತೆಯ ಬಾಡಾ ಕ್ರಾಸ್ ಕಡೆಯ ಪುಣ್ಯಾಶ್ರಮ. ಗದಗಿನ ಬೇರಿನಿಂದ ಇಲ್ಲಿಯೂ ಒಂದು ಕೊಂಬೆ ಚಿಗುರಿತು. ಗವಾಯಿಗಳಿಬ್ಬರ ಪುಣ್ಯಸ್ಮರಣೆಗೆ ಇಲ್ಲಿ ಹಾಡುವ, ನುಡಿಸುವ ಶಿಷ್ಯರು ಸೇರುತ್ತಾರೆ. ಒಂದು ಕಾಲದ ಹತ್ತಿ ಗಿರಣಿಗಳ ಸದ್ದು ಅಡಗಿ ವರ್ಷಗಳಾದವು, ಕಂಪನಿಗಳ ತಗಡಿನ ಥಿಯೇಟರು ಈಗ ಜಾತ್ರೆಗೊಮ್ಮೆ ಏಳುವುದೇ ಹೆಚ್ಚು. ಆದರೂ ಪುಣ್ಯಾಶ್ರಮದ ಪರಂಪರೆಯಲ್ಲಿ ಕಲಿತವರು ಶಾಲೆಗಳಲ್ಲಿ ಸಂಗೀತದ ಮಾಸ್ತರರಾಗಿ, ಮಠಗಳಲ್ಲಿ ಪುರಾಣ ಪ್ರವಚನದ ಗವಾಯಿಗಳಾಗಿ, ತಬಲಾ ಸಾಥಿಗಳಾಗಿ ದುಡಿದು ಉಣ್ಣುತ್ತಿದ್ದಾರೆ. ಶ್ರಾವಣ ಬಂತೆಂದರೆ ಈ ಸೀಮೆಯ ಹಳ್ಳಿ ಹಳ್ಳಿಯಲ್ಲಿ ಪುರಾಣ ಹಚ್ಚುತ್ತಾರೆ. ಶಾಸ್ತ್ರಿಗಳ ಪಕ್ಕದಲ್ಲಿ ಪೇಟಿ ಹಿಡಿದು ಕೂತ ಗವಾಯಿಯನ್ನು ಎಲ್ಲಿ ಕಲಿತಿರಿ ಎಂದು ಕೇಳಿದರೆ, ಬಹಳ ಸಲ ಬರುವ ಉತ್ತರ ಗದಗಿನ ಅಜ್ಜನ ಹೆಸರೇ.

1977ರಲ್ಲಿ ಅಮೆರಿಕದವರು ವಾಯೇಜರ್ ನೌಕೆಯಲ್ಲಿ ಒಂದು ಚಿನ್ನದ ತಟ್ಟೆ ಇಟ್ಟು ನಕ್ಷತ್ರಗಳ ಕಡೆ ಕಳಿಸಿದರು. ಮನುಷ್ಯರ ಸಂಗೀತದ ಮಾದರಿಯೆಂದು ಅದರಲ್ಲಿ ಸೇರಿಸಿದ ಹಾಡುಗಳಲ್ಲಿ ಕೇಸರಬಾಯಿ ಕೇರಕರ್ ಅವರ ಭೈರವಿ ಇದೆ, ಬ್ಲೈಂಡ್ ವಿಲ್ಲಿ ಜಾನ್ಸನ್ ಗಿಟಾರು ಎಳೆಯುತ್ತ ಮಾತಿಲ್ಲದೆ ಗುನುಗಿದ ಹಾಡೂ ಇದೆ. ಬೀದಿಯ ಕುರುಡ ಹಾಡುಗಾರನಿಗೆ ಸತ್ತ ಮೂವತ್ತೆರಡು ವರ್ಷಕ್ಕೆ ಬಂದ ಈ ಗೌರವ ದೊಡ್ಡದು. ಆದರೆ ಅವನಿಗೆ 1930ರ ಟೆಕ್ಸಾಸಿನಲ್ಲಿ ಒಬ್ಬ ಕುಮಾರ ಸ್ವಾಮಿ ಸಿಕ್ಕಿದ್ದರೆ, ಹತ್ತು ಮಕ್ಕಳಿಗೆ ತನ್ನ ಗಿಟಾರಿನ ಎಳೆತ ಹೇಳಿಕೊಡಲು ಒಂದು ಸೂರು ಸಿಕ್ಕಿದ್ದರೆ ಎಂದು ನಾನು ಯೋಚಿಸುತ್ತೇನೆ. ಗವಾಯಿಗಳು ದಾನದ ಜೋಳದಿಂದಲೂ ನಾಟಕದ ಟಿಕೆಟ್ಟಿನಿಂದಲೂ ಎತ್ತಿದ ಸೂರಿನ ಕೆಳಗೆ ಮಕ್ಕಳು ಇಂದಿಗೂ ಸ್ವರ ಕಲಿಯುತ್ತಿದ್ದಾರೆ.